ಗುಡ್ಡದೊಳಗಿನ ಎಂಟು ಡಿಗ್ರಿ

ದಕ್ಷಿಣ ಜರ್ಮನಿಯ ಫ್ರಾಂಕೋನಿಯಾ ಸೀಮೆಯವರ ಬಾಯಲ್ಲಿ ಒಂದು ವಿಚಿತ್ರ ಮಾತಿದೆ. ಬೇಸಿಗೆಯ ಸಂಜೆ ಬಿಯರ್ ಕುಡಿಯೋಕೆ ಹೊರಟರೆ ಅವರು 'ಕೆಲ್ಲರ್ ಮೇಲೆ ಹೋಗೋಣ' ಅಂತಾರೆ. ಕೆಲ್ಲರ್ ಅಂದರೆ ನೆಲಮಾಳಿಗೆ. ನೆಲಮಾಳಿಗೆಗೆ ಇಳಿಯಬೇಕು ತಾನೇ, ಅದರ ಮೇಲೆ ಹೋಗೋದು ಹೇಗೆ?

ನ್ಯೂರೆಂಬರ್ಗ್‌ನಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ದೂರದ ಎರ್ಲಾಂಗೆನ್‌ಗೆ ಬಂದರೆ ಈ ಒಗಟು ಬಿಡಿಸಿಕೊಳ್ಳುತ್ತದೆ. ಹಳೇ ಊರಿನ ಉತ್ತರದ ಅಂಚಿನಲ್ಲಿ ಶ್ವಾಬಾಖ್ ಎಂಬ ಸಣ್ಣ ಹೊಳೆ. ಅದನ್ನು ದಾಟಿದರೆ ಬುರ್ಗ್‌ಬೆರ್ಗ್ ಎಂಬ ಮರಳುಗಲ್ಲಿನ ಗುಡ್ಡ. ಗುಡ್ಡದ ಇಳಿಜಾರಿನಲ್ಲಿ ದೊಡ್ಡ ಮರಗಳು, ಮರಗಳ ಕೆಳಗೆ ಉದ್ದುದ್ದ ಬೆಂಚುಗಳು, ಬೆಂಚುಗಳ ಹಿಂದೆ ಬಂಡೆಗೇ ಕೂರಿಸಿದ ಬಾಗಿಲುಗಳು. ಜೂನ್ ತಿಂಗಳ ಬಿಸಿಲಲ್ಲಿ ಅಂಥ ಬಾಗಿಲೊಂದು ತೆರೆದಾಗ ಎದುರು ನಿಂತಿದ್ದರೆ ಒಳಗಿಂದ ತಣ್ಣನೆ ಉಸಿರು ಮುಖಕ್ಕೆ ಬಂದು ಬಡಿಯುತ್ತದೆ. ಆ ಬಾಗಿಲಿನಾಚೆ ಗುಡ್ಡದ ಹೊಟ್ಟೆಯೊಳಗೆ ಸುರಂಗಗಳಿವೆ. ನೆಲಮಾಳಿಗೆ ಇರುವುದು ಗುಡ್ಡದೊಳಗೆ, ಜನ ಕೂತು ಕುಡಿಯುವುದು ಅದರ ನೆತ್ತಿಯ ಮೇಲೆ. ಹಾಗಾಗಿ 'ಕೆಲ್ಲರ್ ಮೇಲೆ'.

ಇವತ್ತಿನ ಕಥೆ ಈ ತಣ್ಣನೆ ಉಸಿರಿನದು. ಬಿಯರ್ ಕುಡಿಯದವರಿಗೂ ಇದು ಬೇಕಾದ ಕಥೆಯೇ. ಯಾಕೆಂದರೆ ಇದು ಕುಡಿತದ ಬಗ್ಗೆ ಅಲ್ಲ, ತಂಪಿನ ಬಗ್ಗೆ. ಒಂದು ಕಾಲದಲ್ಲಿ ತಂಪು ಅನ್ನೋದು ಗದ್ದೆ, ಗಣಿ, ಬಂದರುಗಳ ಹಾಗೆ ಕೆಲವು ಊರುಗಳಿಗೆ ಮಾತ್ರ ಇದ್ದ ಆಸ್ತಿ. ಆ ಆಸ್ತಿ ಎರ್ಲಾಂಗೆನ್‌ಗೆ ಹೆಸರು ತಂದುಕೊಟ್ಟಿತು. ಆಮೇಲೆ ಒಬ್ಬ ಪ್ರೊಫೆಸರ್ ತಂಪನ್ನು ಯಂತ್ರದಿಂದ ಹುಟ್ಟಿಸಿಬಿಟ್ಟರು.

ಇಡ್ಲಿ ಹಿಟ್ಟಿನಿಂದ ಶುರುಮಾಡೋಣ

ಹುದುಗಿಗೂ ಹವೆಗೂ ಇರುವ ಸಂಬಂಧ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್‌ನಲ್ಲಿ ಮಂಗಳೂರಿನ ಮನೆಯಲ್ಲಿ ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಾಗುವುದರೊಳಗೆ ಪಾತ್ರೆ ಮೀರಿ ಹರಿದಿರುತ್ತದೆ. ಅದೇ ಹಿಟ್ಟು ಜನವರಿಯ ಬೆಂಗಳೂರಲ್ಲಿ ಬೆಳಿಗ್ಗೆ ಏಳಕ್ಕೂ ಕದಲದೆ ಕೂತಿರುತ್ತದೆ, ಅಜ್ಜಿ ಪಾತ್ರೆಗೆ ಕಂಬಳಿ ಸುತ್ತಿ ಒಲೆ ಪಕ್ಕ ಇಡುತ್ತಾಳೆ. ಹಾಲಿಗೆ ಹೆಪ್ಪು ಹಾಕುವಾಗಲೂ ಇದೇ ಲೆಕ್ಕ. ಕಳ್ಳಿನ ಕಥೆಯಂತೂ ಇನ್ನೂ ಅವಸರದ್ದು. ಬೆಳಿಗ್ಗೆ ಮರದಿಂದ ಇಳಿಸಿದಾಗ ಸಿಹಿ, ಮಧ್ಯಾಹ್ನಕ್ಕೆ ಅಮಲು, ರಾತ್ರಿಗೆ ಹುಳಿ. ಬಿಸಿಲ ನಾಡಿನ ಹುದುಗು ಕಾಯುವುದಿಲ್ಲ. ಅವತ್ತಿನದನ್ನು ಅವತ್ತೇ ಮುಗಿಸಬೇಕು.

ಬಿಯರ್ ಮಾಡುವ ಕ್ರಮವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಜವೆಗೋಧಿ, ಅಂದರೆ ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿ ಮಾಲ್ಟ್ ಮಾಡುತ್ತಾರೆ. ಅದನ್ನು ಬಿಸಿನೀರಲ್ಲಿ ನೆನೆಸಿದರೆ ಸಿಹಿ ರಸ ಬಿಡುತ್ತದೆ. ಆ ರಸಕ್ಕೆ ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನೂ ಗ್ಯಾಸನ್ನೂ ಬಿಡುತ್ತದೆ. ಇಷ್ಟರಲ್ಲಿ ದಾರಿ ಎರಡಾಗುತ್ತದೆ.

ಒಂದು ಬಗೆಯ ಯೀಸ್ಟ್ 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿ ದುಡಿಯುತ್ತದೆ, ನೊರೆಯ ಜೊತೆ ಮೇಲಕ್ಕೇರುತ್ತದೆ, ಕೆಲವೇ ದಿನಗಳಲ್ಲಿ ಕೆಲಸ ಮುಗಿಸುತ್ತದೆ. ಇಂಗ್ಲೆಂಡಿನ ಏಲ್, ಗೋಧಿ ಬಿಯರ್ ಎಲ್ಲ ಈ ಬಗೆ. ಇನ್ನೊಂದು ಚಳಿಯಲ್ಲೂ ಕೆಲಸ ಮಾಡುವ ಯೀಸ್ಟ್. 8ರಿಂದ 12 ಡಿಗ್ರಿಯಲ್ಲಿ ನಿಧಾನವಾಗಿ ಹುದುಗಿ ಕೊನೆಗೆ ತಳಕ್ಕೆ ಕೂರುತ್ತದೆ. ಇದರಿಂದ ಬಂದ ಬಿಯರನ್ನು ಇನ್ನಷ್ಟು ತಣ್ಣಗೆ, ಸೊನ್ನೆಗೆ ಹತ್ತಿರದಲ್ಲಿ, ವಾರಗಟ್ಟಲೆ ಇಟ್ಟು ಪಕ್ವ ಮಾಡಬೇಕು. ಜರ್ಮನ್ ಭಾಷೆಯಲ್ಲಿ 'ಲಾಗರ್ನ್' ಅಂದರೆ ದಾಸ್ತಾನು ಇಡುವುದು. ಲಾಗರ್ ಎಂಬ ಹೆಸರು ಬಂದದ್ದು ಅಲ್ಲಿಂದ. ಅಂದರೆ ಈ ಬಿಯರ್‌ಗೆ ಹೆಸರು ಕೊಟ್ಟದ್ದು ಅದರ ರುಚಿಯೂ ಅಲ್ಲ, ಹುಟ್ಟೂರೂ ಅಲ್ಲ, ಅದನ್ನು ಇಟ್ಟು ಕಾಯಬೇಕು ಅನ್ನುವ ಸಂಗತಿ.

ಈ ಚಳಿ ಯೀಸ್ಟ್ ಒಂದು ಮಿಶ್ರತಳಿ. ತಾಯಿ ಕಡೆಯದೋ ತಂದೆ ಕಡೆಯದೋ, ಒಂದು ಪಾಲು ಬ್ರೆಡ್ಡಿಗೂ ಏಲ್‌ಗೂ ಬಳಸುವ ಮಾಮೂಲಿ ಯೀಸ್ಟು. ಇನ್ನೊಂದು ಪಾಲು ಯಾವುದು ಅನ್ನೋದು ಬಹಳ ಕಾಲ ಗೊತ್ತಿರಲಿಲ್ಲ. 2011ರಲ್ಲಿ ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಕಾಡಿನಲ್ಲಿ, ಬೀಚ್ ಜಾತಿಯ ಮರಗಳ ಗಂಟುಗಳ ಮೇಲೆ ಅದರ ಕಾಡು ಸಂಬಂಧಿ ಸಿಕ್ಕಿತು. ಆಮೇಲೆ ಟಿಬೆಟ್‌ನಲ್ಲೂ ಐರ್ಲೆಂಡ್‌ನಲ್ಲೂ ಸಿಕ್ಕಿತು. ಚಳಿ ತಡೆಯುವ ಗುಣ ಬಂದದ್ದು ಈ ಕಾಡಿನ ನೆಂಟನಿಂದ. ಎರಡು ಯೀಸ್ಟ್‌ಗಳನ್ನು ಕೂಡಿಸಬೇಕು ಅಂತ ಯಾರೂ ಲೆಕ್ಕ ಹಾಕಿರಲಿಲ್ಲ. ತಣ್ಣನೆ ನೆಲಮಾಳಿಗೆಯಲ್ಲಿ ಬೇರೆ ಯೀಸ್ಟ್‌ಗಳು ಮುದುಡಿ ಕೂತಾಗ ಇದು ದುಡಿಯಿತು. ಪ್ರತಿ ಸಲ ತಳದ ಗಸಿಯನ್ನು ಮುಂದಿನ ಪೀಪಾಯಿಗೆ ಹೆಪ್ಪಿನ ಹಾಗೆ ಹಾಕಿದ್ದರಿಂದ ಇದೇ ಉಳಿಯಿತು. ನೆಲಮಾಳಿಗೆಯೇ ತನಗೆ ಬೇಕಾದ ಯೀಸ್ಟನ್ನು ಆರಿಸಿಕೊಂಡಿತು ಅನ್ನಬಹುದು.

ಥರ್ಮಾಮೀಟರ್‌ಗಿಂತ ಮೊದಲು

1380ರಲ್ಲಿ ನ್ಯೂರೆಂಬರ್ಗ್ ನಗರಸಭೆ ಒಂದು ನಿಯಮ ಮಾಡಿತು: ಬಿಯರ್ ಕಾಯಿಸಿ ಮಾರುವವನು ಸ್ವಂತ ನೆಲಮಾಳಿಗೆ ತೋಡಿರಬೇಕು, ಹತ್ತು ಅಡಿ ಆಳ, ಹದಿನಾರು ಅಡಿ ಅಗಲ. ಆ ಊರಿನ ಕೆಳಗೆ ಮರಳುಗಲ್ಲಿನಲ್ಲಿ ತೋಡಿದ ಆ ಸುರಂಗಗಳು ಇವತ್ತಿಗೂ ಇವೆ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬೀಳುವಾಗ ಜನ ಅಲ್ಲೇ ಅಡಗಿ ಜೀವ ಉಳಿಸಿಕೊಂಡರು. ಬಿಯರ್‌ಗಾಗಿ ತೋಡಿದ್ದು ಮನುಷ್ಯರನ್ನು ಕಾಪಾಡಿತು.

1553ರಲ್ಲಿ ಬವೇರಿಯಾದ ದೊರೆ ಐದನೇ ಆಲ್ಬ್ರೆಖ್ಟ್ ಇನ್ನೊಂದು ಆಜ್ಞೆ ಹೊರಡಿಸಿದ. ಏಪ್ರಿಲ್ 23ರ ಸಂತ ಜಾರ್ಜ್ ಹಬ್ಬದಿಂದ ಸೆಪ್ಟೆಂಬರ್ 29ರ ಸಂತ ಮೈಕೇಲ್ ಹಬ್ಬದವರೆಗೆ ಯಾರೂ ಬಿಯರ್ ಕಾಯಿಸಕೂಡದು. ಬೇಸಿಗೆಯಲ್ಲಿ ಮಾಡಿದ ಬಿಯರ್ ಕೆಡುತ್ತಿತ್ತು. ಯಾಕೆ ಕೆಡುತ್ತದೆ ಅಂತ ದೊರೆಗೂ ಗೊತ್ತಿರಲಿಲ್ಲ, ಕಾಯಿಸುವವನಿಗೂ ಗೊತ್ತಿರಲಿಲ್ಲ. ಹುದುಗಿನ ಹಿಂದೆ ಕಣ್ಣಿಗೆ ಕಾಣದ ಜೀವಿಗಳಿವೆ ಅಂತ ಲೂಯಿ ಪಾಶ್ಚರ್ ತೋರಿಸಲು ಇನ್ನೂ ಮುನ್ನೂರು ವರ್ಷ ಇತ್ತು. ಆದರೂ ಕ್ಯಾಲೆಂಡರ್ ಥರ್ಮಾಮೀಟರ್‌ನ ಕೆಲಸ ಮಾಡಿತು. ಮಾರ್ಚ್ ತಿಂಗಳಲ್ಲಿ ಸ್ವಲ್ಪ ಗಟ್ಟಿಯಾಗಿ ಕಾಯಿಸಿದ ಬಿಯರನ್ನು ನೆಲದಡಿ ಇಟ್ಟು ಬೇಸಿಗೆ ಪೂರ್ತಿ ಕುಡಿಯುವುದು ರೂಢಿಯಾಯಿತು.

ಎರ್ಲಾಂಗೆನ್‌ಗೆ ಈ ಆಜ್ಞೆ ಅನ್ವಯಿಸುತ್ತಿರಲಿಲ್ಲ. ಆ ಊರು ಆಗ ಬೇರೆ ದೊರೆಗಳ ಕೈಯಲ್ಲಿತ್ತು, ಬವೇರಿಯಾ ಸೇರಿದ್ದು 1810ರಲ್ಲಿ. ಆದರೆ ಬೇಸಿಗೆಗೆ ರಾಜ್ಯದ ಗಡಿ ಗೊತ್ತಿಲ್ಲ. ಕಾಯಿಸುವವರೆಲ್ಲರಿಗೂ ಇದ್ದ ಪ್ರಶ್ನೆ ಒಂದೇ: ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಇದನ್ನು ಎಲ್ಲಿಡೋದು?

ಇಲ್ಲೊಂದು ಮಾತು ಹೇಳಬೇಕು. ಮನೆಯಲ್ಲಿ ಬಿಯರ್ ಮಾಡುವುದು ಅಂದರೆ ಈಗಿನ ಕಾಲದ ಹವ್ಯಾಸ ಅಂತ ನಾವು ತಿಳಿದಿದ್ದೇವೆ. ಹಾಗಲ್ಲ. ಎರ್ಲಾಂಗೆನ್‌ನಿಂದ ಪೂರ್ವಕ್ಕೆ, ಚೆಕ್ ಗಡಿಯ ಹತ್ತಿರ ಓಬರ್‌ಫಾಲ್ಟ್ಸ್ ಎಂಬ ಸೀಮೆ ಇದೆ. ಅಲ್ಲಿನ ವಿಂಡಿಷೆಶೆನ್‌ಬಾಖ್, ನಾಯ್‌ಹೌಸ್, ಫಾಲ್ಕೆನ್‌ಬೆರ್ಗ್, ಮಿಟ್ಟರ್‌ಟೈಖ್, ಎಸ್ಲಾರ್ನ್ ಊರುಗಳಲ್ಲಿ 'ತ್ಸೋಯ್ಗ್ಲ್' ಎಂಬ ಪದ್ಧತಿ ಇನ್ನೂ ಜೀವಂತವಾಗಿದೆ. ಊರಿಗೆಲ್ಲ ಒಂದೇ ಬ್ರೂಹೌಸ್, ಸೌದೆ ಒಲೆ. ಬಿಯರ್ ಕಾಯಿಸುವ ಹಕ್ಕು ಕೆಲವು ಮನೆಗಳಿಗೆ ಸೇರಿದ್ದು. ಸರದಿ ಬಂದ ಮನೆಯವರು ಅಲ್ಲಿ ಸಿಹಿ ರಸ ಕಾಯಿಸಿಕೊಂಡು ಮನೆಗೆ ಒಯ್ಯುತ್ತಾರೆ. ಯೀಸ್ಟ್ ಹಾಕುವುದು, ಹುದುಗಿಸುವುದು, ವಾರಗಟ್ಟಲೆ ಇಟ್ಟು ಕಾಯುವುದು ಎಲ್ಲ ಅವರವರ ನೆಲಮಾಳಿಗೆಯಲ್ಲಿ. ಬಿಯರ್ ತಯಾರಾದಾಗ ಮನೆ ಮುಂದೆ ಆರು ಮೂಲೆಯ ನಕ್ಷತ್ರ ತೂಗುಹಾಕುತ್ತಾರೆ, ಊರವರು ಬರುತ್ತಾರೆ. ಒಂದೇ ಒಲೆ, ಒಂದೇ ರಸ, ಆದರೂ ಮನೆಯಿಂದ ಮನೆಗೆ ರುಚಿ ಬೇರೆ. ವ್ಯತ್ಯಾಸ ಇರುವುದು ನೆಲಮಾಳಿಗೆಯಲ್ಲಿ, ಅದನ್ನು ನೋಡಿಕೊಳ್ಳುವ ಕೈಯಲ್ಲಿ. ಲಾಗರ್ ರೂಪುಗೊಳ್ಳುವುದು ಒಲೆಯ ಮೇಲಲ್ಲ, ಕತ್ತಲಲ್ಲಿ.

ಗುಡ್ಡ ಮಾಡಿದ ಊರು

ಎರ್ಲಾಂಗೆನ್ ದೊಡ್ಡ ಊರಾಗಿರಲಿಲ್ಲ. 1686ರಲ್ಲಿ ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದ ಹ್ಯೂಗನಾಟ್ ಪ್ರಾಟೆಸ್ಟಂಟರಿಗೆ ದೊರೆ ಕ್ರಿಶ್ಚಿಯನ್ ಎರ್ನ್ಸ್ಟ್ ಇಲ್ಲಿ ಜಾಗ ಕೊಟ್ಟು ಹೊಸ ಪೇಟೆ ಕಟ್ಟಿಸಿದ. ಅವರು ನೇಯ್ಗೆ, ಕಾಲುಚೀಲ, ಕೈಗವಸುಗಳ ಕಸುಬು ತಂದರು. 1743ರಲ್ಲಿ ವಿಶ್ವವಿದ್ಯಾಲಯ ಬಂತು. ಕಸುಬುದಾರರೂ ವಿದ್ಯಾರ್ಥಿಗಳೂ ಸೇರಿದ ಊರಲ್ಲಿ ಬಿಯರ್‌ಗೆ ಗಿರಾಕಿಗಳ ಬರ ಇರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ. 1755ರಲ್ಲಿ ಹಳೇ ಊರಿನವರು ಪೆಂಟಕೋಸ್ಟ್ ಹಬ್ಬದ ಸಂತೆಯನ್ನು ಗುಡ್ಡದ ಮೇಲಕ್ಕೆ ಸಾಗಿಸಿದರು. ಅದೇ ಬೆರ್ಗ್‌ಕಿರ್ಖ್‌ವೈ, ಅಂದರೆ ಗುಡ್ಡದ ಜಾತ್ರೆ. ಇವತ್ತಿಗೂ ಪ್ರತಿ ವರ್ಷ ಹನ್ನೆರಡು ದಿನ ನಡೆಯುತ್ತದೆ. ಕೋವಿಡ್ ಕಾಲದಲ್ಲಿ, 2020 ಮತ್ತು 2021ರಲ್ಲಿ ನಿಂತಿತ್ತು. ಊರಿನವರು ಅದನ್ನು ಸುಮ್ಮನೆ 'ಬೆರ್ಗ್' ಅಂತಾರೆ, ನಾವು 'ಜಾತ್ರೆ' ಅಂದಷ್ಟೇ ಸಲೀಸಾಗಿ.

ಗುಡ್ಡದೊಳಗೆ ತೋಡಿದ್ದು ಯಾಕೆ ಕೆಲಸಕ್ಕೆ ಬಂತು? ಭೂಮಿಯ ಮೇಲ್ಪದರ ಬೇಸಿಗೆಯಲ್ಲಿ ಕಾಯುತ್ತದೆ, ಚಳಿಗಾಲದಲ್ಲಿ ತಣಿಯುತ್ತದೆ. ಆಳಕ್ಕೆ ಹೋದಷ್ಟೂ ಈ ಏರಿಳಿತ ಕಮ್ಮಿಯಾಗುತ್ತದೆ. ಹತ್ತು ಹದಿನೈದು ಮೀಟರ್ ಬಂಡೆಯ ಕೆಳಗೆ ಜನವರಿಗೂ ಜುಲೈಗೂ ವ್ಯತ್ಯಾಸವೇ ಇರುವುದಿಲ್ಲ, ಆ ಊರಿನ ಇಡೀ ವರ್ಷದ ಸರಾಸರಿ ತಾಪಮಾನವೇ ಅಲ್ಲಿ ನೆಲೆಸಿರುತ್ತದೆ. ಫ್ರಾಂಕೋನಿಯಾದಲ್ಲಿ ಆ ಸರಾಸರಿ ಎಂಟೊಂಬತ್ತು ಡಿಗ್ರಿ. ಮತ್ತೆ ಮೇಲಿನ ಲೆಕ್ಕ ನೋಡಿ: ಚಳಿ ಯೀಸ್ಟ್‌ಗೆ ಬೇಕಾದ್ದು 8ರಿಂದ 12. ಅಂದರೆ ಗುಡ್ಡ ಪುಕ್ಕಟೆಯಾಗಿ ಕೊಡುತ್ತಿದ್ದದ್ದು ಲಾಗರ್ ಕೇಳುವ ಅದೇ ತಾಪಮಾನ.

ನಮ್ಮಲ್ಲೂ ನೆಲದಡಿ ದಾಸ್ತಾನು ಇತ್ತು. ಬಯಲುಸೀಮೆಯ ಹಗೇವು ನೆನಪಿಸಿಕೊಳ್ಳಿ. ಅಂಗಳದಲ್ಲೋ ಕಣದ ಪಕ್ಕದಲ್ಲೋ ಗುಂಡಿ ತೋಡಿ, ರಾಗಿ ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಅಲ್ಲಿ ಕಾಳನ್ನು ಕಾಪಾಡುತ್ತಿದ್ದದ್ದು ಗಾಳಿಯಾಡದ ಒಣಗತ್ತಲೆ. ಆದರೆ ಹಗೇವಿನಲ್ಲಿ ಲಾಗರ್ ಆಗುವುದಿಲ್ಲ. ಬೆಂಗಳೂರಿನ ವರ್ಷದ ಸರಾಸರಿಯೇ 24 ಡಿಗ್ರಿ ಆಸುಪಾಸು, ಎಷ್ಟು ಆಳ ಅಗೆದರೂ ಸಿಗುವುದು ಅಷ್ಟೇ. ಕಳ್ಳಿನ ನಾಡು ಬೇರೆ, ಲಾಗರ್ ನಾಡು ಬೇರೆ ಆದದ್ದು ಜನರ ಬುದ್ಧಿಯಿಂದ ಅಲ್ಲ, ನೆಲದಡಿಯ ಈ ಅಂಕಿಯಿಂದ.

ಎಂಟು ಡಿಗ್ರಿ ಹುದುಗಿಸಲು ಸಾಕು. ಆಮೇಲೆ ತಿಂಗಳುಗಟ್ಟಲೆ ಇಡಲು ಇನ್ನೂ ತಣ್ಣಗಾದರೆ ಒಳ್ಳೆಯದು. ಅದಕ್ಕೆ ಲಾಗರ್ ನಾಡಿನ ಬ್ರೂವರಿಗಳು ಚಳಿಗಾಲದಲ್ಲಿ ಕೆರೆಕುಂಟೆಗಳ ಮಂಜುಗಡ್ಡೆಯನ್ನು ಗರಗಸದಲ್ಲಿ ಕೊಯ್ದು ಬಂಡಿಯಲ್ಲಿ ತಂದು ನೆಲಮಾಳಿಗೆಗೆ ತುಂಬುತ್ತಿದ್ದವು. ಮೇಲ್ಗಡೆ ಬಿಸಿಲು ಬೀಳದ ಹಾಗೆ ಅಗಲ ಎಲೆಯ ಮರ ನೆಟ್ಟರು. ಬಿಯರ್‌ಗಾಗಿ ಬೆಳೆಸಿದ ನೆರಳಿಗೆ ಜನ ಬಂದು ಕೂತರು. ಬಿಯರ್ ಗಾರ್ಡನ್ ಅನ್ನೋದು ಹುಟ್ಟಿದ್ದು ಹೀಗೆ. ಮರ ನೆಟ್ಟವರ ಮನಸ್ಸಲ್ಲಿ ಇದ್ದದ್ದು ಗಿರಾಕಿ ಅಲ್ಲ, ಕೆಳಗಿನ ಪೀಪಾಯಿ.

ಕಾಲುವೆ, ರೈಲು, ಹೆಸರು

ಊರಿನ ಪಾಡಿಗೆ ಊರು ಕುಡಿಯುತ್ತಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ 1840ರ ದಶಕದಲ್ಲಿ ಎರಡು ದಾರಿಗಳು ಬುರ್ಗ್‌ಬೆರ್ಗ್‌ನ ಕಾಲಬುಡಕ್ಕೇ ಬಂದವು. ಒಂದು, ಡ್ಯಾನ್ಯೂಬ್ ನದಿಯನ್ನು ಮೈನ್ ನದಿಗೆ ಸೇರಿಸುವ ಲುಡ್ವಿಗ್ ಕಾಲುವೆ. ಇನ್ನೊಂದು, 1844ರಲ್ಲಿ ನ್ಯೂರೆಂಬರ್ಗ್‌ನಿಂದ ಬಾಂಬೆರ್ಗ್‌ಗೆ ಓಡಿದ ರೈಲು. ಆ ರೈಲಿಗೆ ಬುರ್ಗ್‌ಬೆರ್ಗ್‌ನ ಅಂಚನ್ನೇ ಕೊರೆಯಬೇಕಾಯಿತು. ಮುನ್ನೂರು ಮೀಟರಿನಷ್ಟು ಉದ್ದದ ಆ ಸುರಂಗ ಬವೇರಿಯಾದ ಮೊದಲ ರೈಲು ಸುರಂಗ. ಒಂದೇ ಗುಡ್ಡದಲ್ಲಿ ಎರಡು ಬಗೆಯ ಸುರಂಗ. ಒಂದರಲ್ಲಿ ಬಿಯರ್ ಕಾಯುತ್ತಿತ್ತು, ಇನ್ನೊಂದರಲ್ಲಿ ಹೊರಟು ಹೋಗುತ್ತಿತ್ತು.

ಹೀಗೆ ಎರ್ಲಾಂಗೆನ್ ಬಿಯರ್ ದೂರದೂರಕ್ಕೆ ಹೋಯಿತು. ಮ್ಯೂನಿಕ್ ಹೆಸರು ಜಗತ್ತಿಗೆಲ್ಲ ಹಬ್ಬುವ ಮುಂಚೆ, ರಫ್ತಿನ ಬಿಯರ್ ಅಂದರೆ ಎರ್ಲಾಂಗೆನ್, ಕುಲ್ಮ್‌ಬಾಖ್‌ಗಳಂಥ ಫ್ರಾಂಕೋನಿಯಾದ ಊರುಗಳು ನೆನಪಿಗೆ ಬರುತ್ತಿದ್ದ ಕಾಲ ಒಂದಿತ್ತು. ಊರಿನ ಹೆಸರೇ ಬಿಯರಿನ ಹೆಸರಾಯಿತು. ಎಷ್ಟರ ಮಟ್ಟಿಗೆ ಅಂದರೆ 20ನೇ ಶತಮಾನದ ಕೊನೆಯ ಭಾಗದಲ್ಲೂ ಅಮೆರಿಕದ ಶ್ಲಿಟ್ಸ್ ಕಂಪನಿ 'ಎರ್ಲಾಂಗರ್' ಅಂತ ಒಂದು ಬಿಯರ್ ಮಾರಿತು. ಕುಡಿದ ಎಷ್ಟು ಅಮೆರಿಕನ್ನರಿಗೆ ಅದು ಒಂದು ಊರು ಅಂತ ಗೊತ್ತಿದ್ದೀತೋ!

ದೂರ ಹೋಗುವ ಬಿಯರ್‌ಗೆ ಲಾಗರ್ ಆಗಿದ್ದುದೇ ಬಲ. ತಣ್ಣಗೆ ಹುದುಗಿ, ತಿಂಗಳುಗಟ್ಟಲೆ ಕೂತು, ತಿಳಿಯಾದ ಬಿಯರಿನಲ್ಲಿ ಕೆಡಿಸುವ ಜೀವಿಗಳಿಗೆ ತಿನ್ನಲು ಉಳಿದಿರುವುದು ಕಡಿಮೆ. ಹಾಗಾಗಿ ಬಂಡಿಯ ಕುಲುಕಾಟವನ್ನೂ ವಾರಗಟ್ಟಲೆ ಪ್ರಯಾಣವನ್ನೂ ತಡೆದುಕೊಳ್ಳುತ್ತಿತ್ತು. ಗುಡ್ಡದೊಳಗೆ ಕಳೆದ ಕಾಲವೇ ರೈಲಿನಲ್ಲಿ ಬುತ್ತಿಯಾಯಿತು ಅನ್ನಿ.

ತಂಪನ್ನು ಕಾರ್ಖಾನೆಯಲ್ಲಿ ಹುಟ್ಟಿಸಿದ್ದು

ಅಷ್ಟರಲ್ಲಿ ಬೇರೆ ಕಡೆ ಬೇರೆಯವರು ಸುಮ್ಮನೆ ಕೂತಿರಲಿಲ್ಲ. 1833ರಲ್ಲಿ ಮ್ಯೂನಿಕ್‌ನ ಶ್ಪಾಟೆನ್ ಬ್ರೂವರಿಯ ಗಾಬ್ರಿಯೆಲ್ ಸೆಡಲ್‌ಮಾಯರ್, ವಿಯೆನ್ನಾದ ಆಂಟನ್ ಡ್ರೆಹರ್ ಎಂಬ ಇಬ್ಬರು ಯುವಕರು ಇಂಗ್ಲೆಂಡಿನ ಬ್ರೂವರಿಗಳನ್ನು ನೋಡಲು ಹೋದರು. ಟೊಳ್ಳು ಊರುಗೋಲಿನಲ್ಲಿ ಹುದುಗುವ ರಸವನ್ನು ಕದ್ದು ತುಂಬಿಕೊಂಡು ಬಂದು ಕೋಣೆಯಲ್ಲಿ ಅಳೆಯುತ್ತಿದ್ದರು. ಅವರು ಅಲ್ಲಿಂದ ತಂದ ದೊಡ್ಡ ವಿದ್ಯೆ ಅಳತೆಯದೇ: ಥರ್ಮಾಮೀಟರ್ ಮತ್ತು ರಸದ ಸಕ್ಕರೆ ಅಳೆಯುವ ಮಾಪಕ. 1845ರಲ್ಲಿ ಡೆನ್ಮಾರ್ಕಿನ ಜೆ. ಸಿ. ಜೇಕಬ್‌ಸನ್ ಇದೇ ಸೆಡಲ್‌ಮಾಯರ್ ಹತ್ತಿರ ಚಳಿ ಯೀಸ್ಟ್ ಪಡೆದು ಕುದುರೆ ಗಾಡಿಯಲ್ಲಿ ಹೊರಟರು. ಗಾಡಿ ನಿಂತಲ್ಲೆಲ್ಲ ಇಳಿದು ಡಬ್ಬಿಗಳಿಗೆ ತಣ್ಣೀರು ಹಾಕಿ ಯೀಸ್ಟನ್ನು ಕೋಪನ್‌ಹೇಗನ್‌ವರೆಗೆ ಉಳಿಸಿಕೊಂಡು ಹೋದರಂತೆ. ಆಮೇಲೆ ಅವರು ಕಟ್ಟಿದ ಕಾರ್ಲ್ಸ್‌ಬರ್ಗ್‌ನ ಪ್ರಯೋಗಾಲಯದಲ್ಲಿ 1883ರಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಜೀವಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದರು. ನೆಲಮಾಳಿಗೆ ಶತಮಾನಗಟ್ಟಲೆ ಆರಿಸಿದ್ದ ಯೀಸ್ಟ್ ಈಗ ಗಾಜಿನ ನಳಿಗೆಯಲ್ಲಿ ಯಾವ ದೇಶಕ್ಕಾದರೂ ಹೋಗಬಹುದಿತ್ತು.

ಯೀಸ್ಟ್ ಏನೋ ಹೋಯಿತು. ತಂಪು? ಅದನ್ನು ಸಾಗಿಸಲು ಆಗುತ್ತಿರಲಿಲ್ಲ. ಅದಕ್ಕೆ ಉತ್ತರ ಕೊಟ್ಟವರು ಕಾರ್ಲ್ ಲಿಂಡೆ. 1842ರಲ್ಲಿ ಹುಟ್ಟಿದ್ದು ಬೆರ್ನ್‌ಡಾರ್ಫ್ ಎಂಬ ಹಳ್ಳಿಯಲ್ಲಿ, ಅದೂ ಫ್ರಾಂಕೋನಿಯಾದ್ದೇ, ಕುಲ್ಮ್‌ಬಾಖ್ ಸೀಮೆಯದು. ಮ್ಯೂನಿಕ್‌ನಲ್ಲಿ ಯಂತ್ರಶಾಸ್ತ್ರದ ಪ್ರೊಫೆಸರ್ ಆಗಿದ್ದಾಗ 1870ರ ಸುಮಾರಿಗೆ ಯಂತ್ರದಿಂದ ತಂಪು ತಯಾರಿಸುವ ಬಗ್ಗೆ ಲೇಖನ ಬರೆದರು. ಲೇಖನ ಓದಿ ಮೊದಲು ಕದ ತಟ್ಟಿದವರು ಬ್ರೂವರಿಯವರೇ. ಶ್ಪಾಟೆನ್ ಬ್ರೂವರಿಯಲ್ಲಿ ಪ್ರಯೋಗ ನಡೆಯಿತು. ಮೊದಲ ಯಂತ್ರದಲ್ಲಿ ಬಳಸಿದ್ದು ಮೀಥೈಲ್ ಈಥರ್. 1876ರ ಹೊತ್ತಿಗೆ ಅಮೋನಿಯಾ ಬಳಸುವ ನಂಬಿಕಸ್ಥ ಯಂತ್ರ ಬಂತು, ಡ್ರೆಹರ್‌ರ ಟ್ರಿಯೆಸ್ಟೆ ಊರಿನ ಬ್ರೂವರಿಗೆ ಹೋಯಿತು. ಟ್ರಿಯೆಸ್ಟೆ ಇರುವುದು ಬೆಚ್ಚನೆಯ ಏಡ್ರಿಯಾಟಿಕ್ ಸಮುದ್ರದ ದಡದಲ್ಲಿ, ಅನ್ನೋದನ್ನು ಗಮನಿಸಿ. 1879ರಲ್ಲಿ ಲಿಂಡೆ ಪ್ರೊಫೆಸರ್ ಕೆಲಸ ಬಿಟ್ಟು ಕಂಪನಿ ಕಟ್ಟಿದರು. ನಮ್ಮ ಅಡುಗೆಮನೆಯ ಫ್ರಿಜ್ ಈ ವಂಶದ್ದೇ ಕುಡಿ. ಮನುಷ್ಯರು ತಂಪಿನ ಯಂತ್ರವನ್ನು ಹಾಲು ತರಕಾರಿಗಿಂತ ಮುಂಚೆ ಬಿಯರ್‌ಗೆ ಹೂಡಿದರು.

ಈಗ ಬುರ್ಗ್‌ಬೆರ್ಗ್‌ನ ಸ್ಥಿತಿ ನೋಡಿ. ಎಂಟು ಡಿಗ್ರಿ ಎಂಬ ಆಸ್ತಿ ಬೆಲೆ ಕಳೆದುಕೊಂಡಿತು. ಕಲ್ಲಿದ್ದಲೂ ಬಂಡವಾಳವೂ ಇರುವ ಯಾವ ದೊಡ್ಡ ನಗರವೂ ಜುಲೈ ತಿಂಗಳಲ್ಲಿ ಲಾಗರ್ ಕಾಯಿಸಬಹುದು, ಅದೂ ಎರಡು ಡಿಗ್ರಿ ಬೇಕೆಂದರೆ ಎರಡು, ನಾಲ್ಕು ಬೇಕೆಂದರೆ ನಾಲ್ಕು. ಬಿಯರನ್ನು ಹೊರಗೆ ಒಯ್ದ ರೈಲೇ ಹೊರಗಿನ ಬಿಯರನ್ನು ಒಳಗೂ ತಂದಿತು. ಎಲ್ಲ ತಪ್ಪನ್ನೂ ಒಂದು ಯಂತ್ರದ ತಲೆಗೆ ಕಟ್ಟಬಾರದು. ಯುದ್ಧಗಳು, ದೊಡ್ಡ ಬಂಡವಾಳ ಎಲ್ಲ ಸೇರಿದವು. ಆದರೆ ಊರಿಗೆ ಇದ್ದ ವಿಶೇಷ ಹಕ್ಕು ಹೋದದ್ದು ಲಿಂಡೆ ಯಂತ್ರದಿಂದಲೇ. ಬ್ರೂವರಿಗಳು ಒಂದರ ಹಿಂದೊಂದು ಮುಚ್ಚಿದವು, ಮಾರಾಟವಾದವು. 1712ರ ಇಸವಿಯನ್ನು ಹೆಸರಿನ ಜೊತೆ ಹೊತ್ತಿದ್ದ ಕಿಟ್ಸ್‌ಮಾನ್ ಬ್ರೂವರಿ 2018ರವರೆಗೆ ಉಳಿದಿತ್ತು. ಆ ವರ್ಷ ಅದೂ ನಿಂತಿತು. ಹೆಸರನ್ನು ಕೊಂಡದ್ದು ಕುಲ್ಮ್‌ಬಾಖ್‌ನ ಕಂಪನಿ, ಅಂದರೆ ಹಳೇ ಪೈಪೋಟಿಯ ಊರು. 1995ರಿಂದ ಶ್ಟೈನ್‌ಬಾಖ್ ಎಂಬ ಹಳೇ ಹೆಸರಿನ ಸಣ್ಣ ಬ್ರೂವರಿಯೊಂದು ಊರಲ್ಲಿ ಮತ್ತೆ ಒಲೆ ಹಚ್ಚಿದೆ ಅನ್ನುವುದೇ ಸಮಾಧಾನ.

ಅಲ್ಲಿ ಹೋದದ್ದು ಇಲ್ಲಿ ಬಂತು

ಇಷ್ಟು ಕೇಳಿ ಎರ್ಲಾಂಗೆನ್ ಬಗ್ಗೆ ಮರುಗುವ ಮುಂಚೆ ನಮ್ಮ ಕಡೆಯಿಂದಲೂ ನೋಡಬೇಕು. ತಂಪು ನೆಲದ ಆಸ್ತಿಯಾಗಿದ್ದ ಕಾಲದಲ್ಲಿ ನಮ್ಮ ಪಾಲಿಗೆ ಏನಿತ್ತು? 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ 'ಟಸ್ಕನಿ' ಎಂಬ ಹಡಗು 180 ಟನ್ ಮಂಜುಗಡ್ಡೆ ಹೇರಿಕೊಂಡು ಕಲ್ಕತ್ತೆಗೆ ಹೊರಟಿತು. ನಾಲ್ಕು ತಿಂಗಳಾದ ಮೇಲೆ ಸುಮಾರು 100 ಟನ್ ಉಳಿದು ತಲುಪಿತು. ಮದ್ರಾಸಿನ ಸಮುದ್ರ ದಂಡೆಯಲ್ಲಿ ಆ ಮಂಜುಗಡ್ಡೆ ಇಡಲೆಂದೇ ಕಟ್ಟಿದ ಐಸ್ ಹೌಸ್ ಇವತ್ತೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಉಳಿದುಕೊಂಡಿದ್ದರಿಂದ ಈಗ ಅದು ಅವರ ಹೆಸರಿನಲ್ಲಿದೆ. ಬ್ರಿಟಿಷರು ಬ್ರೂವರಿ ಕಟ್ಟಿದ್ದೂ ಬೆಟ್ಟ ನೋಡಿಕೊಂಡೇ: ಕಸೌಲಿ, ಮರ್ರಿ, ನೀಲಗಿರಿ. ತಂಪು ಎಲ್ಲಿದೆಯೋ ಅಲ್ಲಿಗೆ ಹೋಗಬೇಕಿತ್ತು.

ಬೆಂಗಳೂರು ದಂಡಿನ ಊರು. ಸಿಪಾಯಿಗಳ ಬಾಯಾರಿಕೆ ಇತ್ತು, 900 ಮೀಟರ್ ಎತ್ತರದ ಹಿತವಾದ ಹವೆ ಇತ್ತು. ಆದರೆ ಮೊದಲೇ ಹೇಳಿದೆನಲ್ಲ, ಆ ಹವೆ ಏಲ್‌ಗೆ ಒಗ್ಗೀತು, ಲಾಗರ್‌ಗೆ ಅಲ್ಲ. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. 1947ರಲ್ಲಿ ವಿಠಲ್ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಇವತ್ತು ಆ ಕಂಪನಿಯ ಹೆಸರುವಾಸಿ ಬಿಯರ್ ಒಂದು ಲಾಗರ್. 24 ಡಿಗ್ರಿ ನೆಲದ ಮೇಲೆ ಸೊನ್ನೆಗೆ ಹತ್ತಿರದ ಟ್ಯಾಂಕು! ಹಳೇ ಬ್ರೂವರಿ ಇದ್ದ ಜಾಗದಲ್ಲಿ ಈಗ ಯುಬಿ ಸಿಟಿ ನಿಂತಿದೆ. ಎರ್ಲಾಂಗೆನ್‌ನ ಗುಡ್ಡದಿಂದ ಯಂತ್ರ ಕಸಿದುಕೊಂಡದ್ದನ್ನೇ ನಮ್ಮಂಥ ಬಿಸಿಲ ಊರುಗಳಿಗೆ ಹಂಚಿತು. ಅದೇ ಯಂತ್ರ ನಮಗೆ ಹಾಲು ಕೊಟ್ಟಿತು, ಲಸಿಕೆ ಕೊಟ್ಟಿತು. ಒಂದು ಊರಿನ ನಷ್ಟ ಬಹುಪಾಲು ಜಗತ್ತಿನ ಲಾಭ ಆಗಿದ್ದರೆ ಅದನ್ನು ಏನಂತ ಕರೆಯೋದು? ನನಗೆ ಸಲೀಸಾದ ಉತ್ತರ ಸಿಕ್ಕಿಲ್ಲ.

ಮನೆಯ ಮೂಲೆಯ ಗುಡ್ಡ

ಈಗ ಚಕ್ರ ಒಂದು ಸುತ್ತು ಬಂದಿದೆ. ಜರ್ಮನಿಯಲ್ಲಿ ಮನೆಯ ಮಟ್ಟಿಗೆ ಬಿಯರ್ ಮಾಡಿಕೊಳ್ಳಲು ಕಾನೂನಿನ ಅಡ್ಡಿ ಇಲ್ಲ. ವರ್ಷಕ್ಕೆ 200 ಲೀಟರ್ ಇದ್ದ ತೆರಿಗೆ ವಿನಾಯಿತಿ 2024ರಿಂದ 500 ಲೀಟರ್ ಆಗಿದೆ, ಮಾರಕೂಡದು. ನಮ್ಮ ರಾಜ್ಯದಲ್ಲಿ ಹಾಗಲ್ಲ, ಅಬಕಾರಿ ಪರವಾನಗಿ ಬೇಕು. ಹಾಗಾಗಿ ಮುಂದೆ ಹೇಳುವುದನ್ನು ಊರಲ್ಲಿ ಪ್ರಯೋಗ ಮಾಡಲು ಹೋಗಬೇಡಿ. ಇಲ್ಲಿ ನನ್ನ ನೆಲಮಾಳಿಗೆಯಲ್ಲಿ ಇರುವುದು ಒಂದು ಸೆಕೆಂಡ್ ಹ್ಯಾಂಡ್ ಫ್ರಿಜ್, ಅದಕ್ಕೆ ಸಿಕ್ಕಿಸಿದ ಒಂದು ಥರ್ಮೋಸ್ಟಾಟ್.

ನನ್ನ ಮೊದಲ ಲಾಗರ್ ಬೆಣ್ಣೆ ವಾಸನೆ ಹೊಡೆಯಿತು. ತಪ್ಪು ನನ್ನದೇ. ಥರ್ಮೋಸ್ಟಾಟಿನ ತಂತಿಯನ್ನು ಫ್ರಿಜ್ಜಿನ ಗಾಳಿಯಲ್ಲಿ ತೂಗುಬಿಟ್ಟಿದ್ದೆ. ಗಾಳಿ 10 ಡಿಗ್ರಿ ತೋರಿಸುತ್ತಿತ್ತು. ಆದರೆ ಹುದುಗು ತಾನೇ ಶಾಖ ಹುಟ್ಟಿಸುತ್ತದೆ, ಜೋರು ನಡೆಯುವಾಗ ಒಳಗಿನ ರಸ ಹೊರಗಿನ ಗಾಳಿಗಿಂತ ಹಲವು ಡಿಗ್ರಿ ಬಿಸಿ ಇರುತ್ತದೆ. ಆಮೇಲೆ ಗಾಬರಿಯಾಗಿ ಒಮ್ಮೆಲೇ ತಣ್ಣಗೆ ಮಾಡಿದೆ, ಯೀಸ್ಟ್ ಕೆಲಸ ಮುಗಿಸುವ ಮುಂಚೆಯೇ ಮಲಗಿತು. ಹುದುಗುವಾಗ ಹುಟ್ಟುವ ಡೈಅಸಿಟೈಲ್ ಎಂಬ ಬೆಣ್ಣೆ ವಾಸನೆಯ ವಸ್ತುವನ್ನು ಕೊನೆಯಲ್ಲಿ ಯೀಸ್ಟೇ ಮತ್ತೆ ತಿಂದು ತೀರಿಸಬೇಕು. ಮಲಗಿದ ಯೀಸ್ಟ್ ತಿನ್ನುವುದಿಲ್ಲ.

ಈಗ ಮಾಡುವ ಕ್ರಮ ಹೀಗೆ. ಕುದಿಸಿದ ರಸವನ್ನು ಯೀಸ್ಟ್ ಹಾಕುವ ಮೊದಲೇ 9 ಡಿಗ್ರಿಗೆ ಇಳಿಸುತ್ತೇನೆ. ಚಳಿಯಲ್ಲಿ ಯೀಸ್ಟ್ ನಿಧಾನ, ಹಾಗಾಗಿ ಏಲ್‌ಗೆ ಹಾಕುವುದರ ಎರಡರಷ್ಟು ಹಾಕುತ್ತೇನೆ. ತಂತಿಯನ್ನು ಪಾತ್ರೆಯ ಮೈಗೆ ಒತ್ತಿ, ಮೇಲೆ ದಪ್ಪ ಬಟ್ಟೆ ಕಟ್ಟುತ್ತೇನೆ. ಒಂದೆರಡು ವಾರ 10 ಡಿಗ್ರಿ. ಸಕ್ಕರೆ ಬಹುಪಾಲು ಮುಗಿದಾಗ 15-16ಕ್ಕೆ ಏರಿಸಿ ಎರಡು ದಿನ ಬಿಟ್ಟರೆ ಬೆಣ್ಣೆ ವಾಸನೆ ಹೋಗುತ್ತದೆ. ಮಾಪಕದಲ್ಲಿ ಎರಡು ಮೂರು ದಿನ ಒಂದೇ ಅಂಕಿ ನಿಂತ ಮೇಲೆಯೇ ಮುಂದಿನ ಹೆಜ್ಜೆ. ಹುದುಗು ಮುಗಿಯದ ಬಿಯರನ್ನು ಬಾಟಲಿಗೆ ತುಂಬಿದರೆ ಬಾಟಲಿ ಸಿಡಿಯುತ್ತದೆ. ಆಮೇಲೆ ದಿನಕ್ಕೆ ಒಂದೆರಡು ಡಿಗ್ರಿ ಇಳಿಸುತ್ತ ಎರಡಕ್ಕೆ ತಂದು, ಕನಿಷ್ಠ ಐದಾರು ವಾರ ಬಾಗಿಲು ಮುಚ್ಚಿ ಬಿಡಬೇಕು. ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ ಹೋಗುವುದು, ಯೀಸ್ಟ್ ತಳಕ್ಕೆ ಕೂರುವುದು, ಒರಟುತನ ಇಳಿಯುವುದು ಎಲ್ಲ ಈ ವಾರಗಳಲ್ಲಿ.

ಇದರಲ್ಲಿ ಕಷ್ಟವಾದ ಹೆಜ್ಜೆ ಯಾವುದು ಅಂತ ಕೇಳಿದರೆ ಕೊನೆಯದು. ತಂಪು ಈಗ ಎಲ್ಲರ ಹತ್ತಿರ ಇದೆ. ಕಾಯುವುದು ಮಾತ್ರ ಯಂತ್ರಕ್ಕೆ ಬರುವುದಿಲ್ಲ. ಮೂರನೇ ವಾರಕ್ಕೆ ಬಾಗಿಲು ತೆಗೆದು ರುಚಿ ನೋಡೋಣ ಅನ್ನಿಸುತ್ತದೆ. ಗುಡ್ಡದ ಕಾಲದವರಿಗೆ ಆ ಆಯ್ಕೆ ಇರಲಿಲ್ಲ. ಮಾರ್ಚ್‌ನಲ್ಲಿ ಬಾಗಿಲು ಹಾಕಿದರೆ ಜಾತ್ರೆಗೆ ತೆಗೆಯಬೇಕು. ಅವರಿಗೆ ತಂಪಿನ ಜೊತೆ ತಾಳ್ಮೆಯನ್ನೂ ಗುಡ್ಡವೇ ಕೊಟ್ಟಿತ್ತು. ನಮಗೆ ಒಂದು ಸಿಕ್ಕಿದೆ, ಇನ್ನೊಂದನ್ನು ನಾವೇ ತಂದುಕೊಳ್ಳಬೇಕು.

ಗುಡ್ಡದ ಜಾತ್ರೆಯ ಕೊನೆಯ ರಾತ್ರಿ ಎರ್ಲಾಂಗೆನ್‌ನವರು ಒಂದು ಆಚರಣೆ ಮಾಡುತ್ತಾರೆ. ಉಳಿದ ಒಂದು ಪೀಪಾಯಿಯನ್ನು ಹಾಡುತ್ತ ಸಮಾಧಿ ಮಾಡುತ್ತಾರೆ. ಕೆಲವರು ಕರವಸ್ತ್ರ ಬೀಸುತ್ತಾರೆ, ಕೆಲವರ ಕಣ್ಣಲ್ಲಿ ನೀರೂ ಬರುತ್ತದೆ. ಮರುದಿನ ಬೆಳಿಗ್ಗೆ ಬೆಂಚುಗಳನ್ನು ಮಡಚುತ್ತಾರೆ, ಬಂಡೆಯ ಬಾಗಿಲುಗಳು ಮುಚ್ಚುತ್ತವೆ. ಒಳಗೆ ಆ ಹೊತ್ತಿಗೂ ಎಂಟು ಡಿಗ್ರಿ ಆಸುಪಾಸೇ. ಯಾರಿಗೂ ಬೇಕಾಗದೆ ಹೋದರೂ ಗುಡ್ಡ ತನ್ನ ಕೆಲಸ ನಿಲ್ಲಿಸಿಲ್ಲ.